ಉದಾಹರಣೆಯ ಹುಡುಗ

ಜಲಜಾಕ್ಷಿ ಟೀಚರ ಹತ್ತಿರ ಅಲಂಕಾರ ಕಲಿತವರು ಅದನ್ನು ಸಾಯುವ ತನಕ ಮರೆಯುವುದಿಲ್ಲ ಎಂದು ಮಂಗಳೂರಿನ ಬೋಳಾರದಲ್ಲಿ ಒಂದು ಮಾತಿತ್ತು. ಮಾತು ಸುಳ್ಳಲ್ಲ. ಅದು ಎಷ್ಟು ನಿಜ ಎಂಬುದು ಟೀಚರಿಗೆ ತಿಳಿಯಲು ಮೂವತ್ತು ವರ್ಷ ಬೇಕಾಯಿತು, ಅಷ್ಟೆ.

ಅವಳು ಪಾಠ ಮಾಡುವ ಶಾಲೆ ನದಿಯ ಬದಿಯ ಹಳೆಯ ಕನ್ನಡ ಶಾಲೆ. ಅಲ್ಲಿಗೆ ಬರುವ ಮಕ್ಕಳಿಗೆ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ಕನ್ನಡ ಎಂದರೆ ಪುಸ್ತಕದ ಭಾಷೆ. ಅಂಥವರ ಮುಂದೆ ನಿಂತು ‘ಮುಖವು ಕಮಲದಂತೆ ಅರಳಿತು’ ಎಂದರೆ ಯಾರ ಮುಖವೂ ಅರಳುವುದಿಲ್ಲ. ಕೆಲಸಕ್ಕೆ ಸೇರಿದ ಎರಡನೆಯ ವರ್ಷವೇ ಜಲಜಾಕ್ಷಿ ಕಮಲವನ್ನು ಕಿಟಕಿಯಿಂದಾಚೆ ಎಸೆದಳು. ಎದುರಿಗೆ ಕುಳಿತ ಮಕ್ಕಳನ್ನೇ ಉದಾಹರಣೆ ಮಾಡತೊಡಗಿದಳು.

ನೆವಿಲ್ ಎಂಬ ಉದ್ದದ ಹುಡುಗನನ್ನು ನಿಲ್ಲಿಸಿ, “ನೆವಿಲನು ಕಾಯಿ ಕೊಯ್ದ ತೆಂಗಿನ ಮರದಂತೆ ನಿಂತಿದ್ದಾನೆ” ಎನ್ನುವಳು. ತರಗತಿ ನಗುವುದು. ನಗು ಮುಗಿಯುವ ಮೊದಲೇ ಪ್ರಶ್ನೆ. ಯಾರನ್ನು ಹೋಲಿಸಿದ್ದು? ನೆವಿಲನನ್ನು, ಅವನು ಉಪಮೇಯ. ಯಾವುದಕ್ಕೆ ಹೋಲಿಸಿದ್ದು? ತೆಂಗಿನ ಮರಕ್ಕೆ, ಅದು ಉಪಮಾನ. ಎರಡನ್ನೂ ಜೋಡಿಸಿದ ಪದ? ‘ಅಂತೆ’, ಅದು ಉಪಮಾವಾಚಕ. ಇಬ್ಬರಲ್ಲಿಯೂ ಇರುವ ಗುಣ? ಪ್ರಯೋಜನವಿಲ್ಲದೆ ಉದ್ದಕ್ಕೆ ನಿಂತಿರುವುದು. ಅದು ಸಮಾನ ಧರ್ಮ. ಝಹ್ರಾ ಎಂಬವಳ ಮಾತು ಎಕ್ಸ್‌ಪ್ರೆಸ್ ಬಸ್ಸಿನಂತೆ, ಸ್ಟಾಪು ಬಂದರೂ ನಿಲ್ಲುವುದಿಲ್ಲ. ಯಾರಾದರೂ ಮೆಲ್ಲಗೆ ಉತ್ತರ ಹೇಳಿದರೆ, “ಕೇಳಲಿಲ್ಲ. ಜೋರಾಗಿ ಹೇಳು” ಎಂದು ಮೇಜು ಕುಟ್ಟುವಳು. ಪರೀಕ್ಷೆಯಲ್ಲಿ ಅಲಂಕಾರದ ಪ್ರಶ್ನೆಗೆ ಅವಳ ಮಕ್ಕಳು ಮಾರ್ಕು ಕಳೆದುಕೊಂಡದ್ದಿಲ್ಲ.

ನೆವಿಲ್ ಈಗ ಬ್ಯಾಂಕಿನಲ್ಲಿ ಆಫೀಸರು. ಹೋದ ವರ್ಷ ಒಂದು ಮದುವೆಯ ಹಾಲ್‌ನಲ್ಲಿ ಹೆಂಡತಿಯನ್ನು ಕರೆತಂದು ಟೀಚರಿಗೆ ಪರಿಚಯಿಸಿದ. ಕಾಯಿ ಕೊಯ್ದ ತೆಂಗಿನ ಮರದ ಕಥೆಯನ್ನು ತಾನೇ ಹೇಳಿ ತಾನೇ ನಕ್ಕ. ಆ ದಿನವಿಡೀ ಜಲಜಾಕ್ಷಿಗೆ ನೆಲದ ಮೇಲೆ ಕಾಲಿರಲಿಲ್ಲ. ಹೀಗೆ ಬಂದು ಹೇಳಿದವರೆಲ್ಲ ನಗಲು ತಿಳಿದವರು. ನಗಲಾರದವರು ಮದುವೆಯ ಹಾಲ್‌ನಲ್ಲಿ ಬಂದು ಕಾಲು ಹಿಡಿಯುವುದಿಲ್ಲ, ದೂರದಲ್ಲಿ ಟೀಚರನ್ನು ಕಂಡರೆ ರಸ್ತೆ ದಾಟುತ್ತಾರೆ. ಇಷ್ಟು ಸಣ್ಣ ಸಂಗತಿ ಅಷ್ಟು ಕಲಿತವಳ ತಲೆಗೆ ಹೊಳೆಯಲಿಲ್ಲ.

ಅವಳ ಮನೆ ಉರ್ವದಲ್ಲಿ, ಮಾರ್ಕೆಟಿನ ಹಿಂದೆ. ಗಂಡ ಅಣ್ಣು ಲಾರಿಯ ಬಿಡಿಭಾಗಗಳ ಅಂಗಡಿ ಇಟ್ಟವನು, ಮಿತಭಾಷಿ. ಮಗ ಶೋಭಿತ್‌ಗೆ ಇಪ್ಪತ್ತೊಂಬತ್ತು, ಕೇಟರಿಂಗ್ ಮಾಡುತ್ತಾನೆ. ಊರಿನ ಮದುವೆಗಳಿಗೆಲ್ಲ ಅವನದೇ ಊಟ, ಅವನ ಮದುವೆ ಮಾತ್ರ ಆಗುವುದಿಲ್ಲ. ಮೂರು ಸಂಬಂಧ ಬಂದವು, ಮೂರೂ ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ತಪ್ಪಿದವು. ಮೂರನೆಯದು ಹಾಲ್ ಬುಕ್ ಆದ ಮೇಲೆ ಮುರಿಯಿತು. ಆಗ ಅಣ್ಣುವಿನ ಸೋದರಮಾವ ಮಾಯಿಲಪ್ಪ, ಎಪ್ಪತ್ತು ದಾಟಿದ ಮುದುಕ, ಅಣ್ಣುವನ್ನು ಪ್ರಶ್ನೆ ಕೇಳಿಸಲು ಕರೆದುಕೊಂಡು ಹೋದ. ಕವಡೆ ಹಾಕಿದವನು ಹೇಳಿದ್ದು ಒಂದೇ ಮಾತು: ಮನೆಯ ಹೊಸ್ತಿಲಲ್ಲಿ ಒಬ್ಬಳು ಹುಡುಗಿ ನಿಂತಿದ್ದಾಳೆ, ತಂಗಿಯನ್ನು ನಿಲ್ಲಿಸಿಟ್ಟು ಅಣ್ಣನಿಗೆ ಹೇಗೆ ಮಾಡುತ್ತೀರಿ?

ಹುಡುಗಿ ಎಂದರೆ ಶೋಭಿತನ ತಂಗಿ ಚೈತಾಲಿ. ಎಂಟು ವರ್ಷದ ಹಿಂದೆ, ಎಂಟನೆಯ ಕ್ಲಾಸಿನಲ್ಲಿರುವಾಗ, ಇಲಿಜ್ವರ ಬಂದು ನಾಲ್ಕೇ ದಿನದಲ್ಲಿ ಹೋದಳು. ಆಗ ಹದಿಮೂರು.

ಸತ್ತ ಮಕ್ಕಳು ಬೆಳೆಯುವುದನ್ನು ನಿಲ್ಲಿಸುವುದಿಲ್ಲ ಎಂದು ಅವರ ಕಡೆಯ ನಂಬಿಕೆ. ಅವರಿಗೂ ಪ್ರಾಯ ಬರುತ್ತದೆ. ಪ್ರಾಯ ಬಂದದ್ದನ್ನು ಮನೆಯವರು ಗಮನಿಸದಿದ್ದರೆ ಮನೆಯ ಶುಭಕಾರ್ಯಕ್ಕೆ ಅಡ್ಡ ನಿಲ್ಲುತ್ತಾರೆ. ಅದಕ್ಕೆ ಆಟಿ ತಿಂಗಳಲ್ಲಿ, ಬದುಕಿರುವವರು ಯಾರೂ ಮದುವೆಯಾಗದ ಆ ಮಳೆಯ ದಿನಗಳಲ್ಲಿ, ಸತ್ತ ಹುಡುಗಿಗೆ ಸತ್ತ ಹುಡುಗನನ್ನು ಹುಡುಕಿ ಮದುವೆ ಮಾಡುತ್ತಾರೆ. ಜಾತಿ ಒಂದೇ ಆಗಬೇಕು, ಬಳಿ ಎನ್ನುವ ಗೋತ್ರ ಬೇರೆಯಾಗಬೇಕು, ಹುಡುಗನಿಗೆ ಒಂದೆರಡು ವರ್ಷ ಹೆಚ್ಚಿರಬೇಕು. ಸೀರೆ, ಕರಿಮಣಿ, ಊಟ ಎಲ್ಲವೂ ಉಂಟು. ಕುಲೆ ಮದಿಮೆ, ಪ್ರೇತದ ಮದುವೆ, ಎಂದು ಅದರ ಹೆಸರು.

ಆ ಮಾತುಕತೆಯಲ್ಲಿ ಒಬ್ಬರೂ ‘ಬದುಕಿದ್ದರೆ’ ಎನ್ನಲಿಲ್ಲ. “ಹುಡುಗಿಗೆ ಇಪ್ಪತ್ತೊಂದು ತುಂಬಿತು” ಎಂದರು, ನೆಟ್ಟಗೆ. ಹೋಲಿಕೆಗೆ ಒಂದು ‘ಅಂತೆ’ ಇರಲೇಬೇಕು ಎಂದು ಮೂವತ್ತು ವರ್ಷ ಪಾಠ ಹೇಳಿದ ಜಲಜಾಕ್ಷಿಗೆ ಆ ನೆಟ್ಟಗಿನ ಮಾತು ಮೈಯಲ್ಲಿ ಮುಳ್ಳಾಡಿಸಿತು. ಅವಳ ಮಗಳಿಗೆ ಹದಿಮೂರೇ. ಎರಡು ಜಡೆ, ಕುತ್ತಿಗೆಯಲ್ಲಿ ಶಾಲೆಯ ಐಡಿ ಕಾರ್ಡು. ಸೀರೆಯ ಬಣ್ಣ ಯಾವುದಾಗಬಹುದೆಂದು ಮಾಯಿಲಪ್ಪ ಕೇಳಿದಾಗ, “ಅವಳಿಗೆ ಸೀರೆ ಉಡ್ಲಿಕ್ಕೆ ಬರುವುದಿಲ್ಲ” ಎಂದುಬಿಟ್ಟಳು.

ಇಂಥ ಮದುವೆಯ ಮಾತು ಮೊದಲ ಸಂಬಂಧ ತಪ್ಪಿದಾಗಲೇ ಎದ್ದಿತ್ತು, ಅವಳು ಎರಡು ವರ್ಷ ತಡೆದು ನಿಲ್ಲಿಸಿದ್ದಳು. ಕಾರಣ ಅವಳಿಗೆ ಮಾತ್ರ ಗೊತ್ತು. ಪ್ರತಿ ಆಟಿಯಲ್ಲಿ ಮನೆಯ ಸತ್ತವರಿಗೆ ಎಲೆ ಹಾಕಿ ಬಡಿಸುವುದು ಕ್ರಮ. ಒಳಕೋಣೆಯಲ್ಲಿ ಚೈತಾಲಿಯ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಜಲಜಾಕ್ಷಿ ಒಬ್ಬಳೇ ಕುಳಿತಿರುತ್ತಿದ್ದಳು. ಆ ಅರ್ಧ ಗಂಟೆ ಮಗಳ ಹತ್ತಿರ ಮಾತಾಡುತ್ತಿದ್ದಳು. ಮದುವೆಯಾದರೆ ಮಗಳು ಗಂಡನ ಮನೆಯವಳು. ಮುಂದೆ ಅವಳ ಎಲೆ ಅಲ್ಲಿ. ವರ್ಷಕ್ಕೆ ಅರ್ಧ ಗಂಟೆಯನ್ನೂ ಬಿಟ್ಟುಕೊಡಲು ತಾಯಿಗೆ ಮನಸ್ಸಿರಲಿಲ್ಲ. ಆದರೆ ಮೂರನೆಯ ಸಂಬಂಧ ತಪ್ಪಿದ ಮೇಲೆ ಶೋಭಿತ್ ಮನೆಯಲ್ಲಿ ಊಟ ಮಾಡುವುದನ್ನೇ ಬಿಟ್ಟ. ಬದುಕಿರುವ ಮಗನ ಮುಖ ನೋಡಿ ಅವಳು ಸೋತಳು.

“ಹುಡುಗ ಒಳ್ಳೆಯವನಿರಬೇಕು” ಎಂದಳು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು.

ಮಾಯಿಲಪ್ಪನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. “ಅದು ನನಗೆ ಬಿಡು” ಎಂದ.

ಹತ್ತು ದಿನದಲ್ಲಿ ಸುದ್ದಿ ತಂದ. “ಬೋಳಾರದ ಹುಡುಗ, ಹಿತೇಶ್. ನಿನ್ನ ಶಾಲೆಯಲ್ಲೇ ಕಲಿತದ್ದಂತೆ. ಬಂದರಿನ ದಕ್ಕೆಯಲ್ಲಿ ಬೋಟಿಗೆ ಐಸು ತುಂಬಿಸುವ ಕೆಲಸಕ್ಕೆ ಹೋಗ್ತಿದ್ದ, ತೀರಿಕೊಂಡು ಮೂರು ವರ್ಷ ಆಯ್ತು. ತಾಯಿ ಒಬ್ಬಳೇ. ದೇಯಿ ಅಂತ, ಬೀಡಿ ಕಟ್ತಾಳೆ. ಬಳಿ ಕೂಡಿ ಬರ್ತದೆ. ಹುಡುಗಿಯ ಹೆಸರು ಹೇಳಿದ ಕೂಡ್ಲೇ ಹೆಂಗಸು ಒಪ್ಪಿದಳು ಮಾರಾಯ್ತಿ, ಎರಡನೇ ಮಾತಿಲ್ಲ.”

ಹಿತೇಶ್. ಜಲಜಾಕ್ಷಿ ನೆನಪು ಮಾಡಿಕೊಂಡಳು. ವರ್ಷಕ್ಕೆ ನೂರು ಮಕ್ಕಳು, ಮೂವತ್ತು ವರ್ಷ. ಯಾವ ಹಿತೇಶ್ ಎಂದು ತಿಳಿಯುವುದು? ಮುಖ ಬರಲಿಲ್ಲ.

ಅಣ್ಣು ಊಟದ ಪಟ್ಟಿ ತೆಗೆದ. ಕೋಳಿ, ಕಡ್ಲೆ, ಬಂಗುಡೆ ಮೀನಿನ ಪುಳಿಮುಂಚಿ.

“ಬಂಗುಡೆ ಬೇಡ ಅಂತ ಹೇಳಿ ಕಳಿಸಿದ್ದಾಳೆ,” ಮಾಯಿಲಪ್ಪ ಹೇಳಿದ. “ಹುಡುಗ ತಿನ್ನುವುದಿಲ್ಲ.”

“ಮಂಗಳೂರಿನಲ್ಲಿ ಹುಟ್ಟಿ ಬಂಗುಡೆ ತಿನ್ನದವ ಎಂಥ ಹುಡುಗ?” ಎಂದು ಅಣ್ಣು ನಕ್ಕ. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಯಾರೋ ನಕ್ಕದ್ದು. ಜಲಜಾಕ್ಷಿಯೂ ಸ್ವಲ್ಪ ನಕ್ಕಳು.

ಆದಿತ್ಯವಾರ ದೇಯಿ ಹುಡುಗಿಯನ್ನು ನೋಡಲು ಬಂದಳು. ಸಿಟಿ ಬಸ್ಸಿನಲ್ಲಿ ಬಂದು, ಮಳೆಗೆ ನೆನೆದ ಸೀರೆಯ ಅಂಚನ್ನು ಜಗುಲಿಯಲ್ಲಿ ಹಿಂಡಿ ಒಳಗೆ ಬಂದಳು. ಸಣ್ಣ ಮೈಯ ಹೆಂಗಸು, ಬೆರಳ ತುದಿಯಲ್ಲಿ ಬೀಡಿ ಎಲೆಯ ಕಂದು. ಕುರ್ಚಿಯಲ್ಲಿ ಕೂರಲಿಲ್ಲ. ಗೋಡೆಯ ಮೇಲಿದ್ದ ಚೈತಾಲಿಯ ಫೋಟೋದ ಎದುರು ಬಹಳ ಹೊತ್ತು ನಿಂತು, “ಇವಳೇ” ಎಂದಳು. ಗುರುತಿನವರನ್ನು ಕಂಡವಳು ಹೇಳುವ ಮಾತಾಗಿತ್ತು ಅದು.

ಮತ್ತೆ ಚೀಲದಿಂದ ಒಂದು ಫೋಟೋ ತೆಗೆದು ಜಲಜಾಕ್ಷಿಯ ಕೈಗೆ ಕೊಟ್ಟಳು. ಶಾಲೆಯ ಐಡಿ ಕಾರ್ಡಿನ ಸಣ್ಣ ಫೋಟೋವನ್ನು ದೊಡ್ಡದು ಮಾಡಿಸಿದ್ದು. “ದೊಡ್ಡವನಾದ ಮೇಲೆ ತೆಗೆದದ್ದೂ ಉಂಟು. ಅದರಲ್ಲೆಲ್ಲ ತಲೆ ಕೆಳಗೆ ಹಾಕಿದ್ದಾನೆ, ಕಣ್ಣು ಕಾಣುವುದಿಲ್ಲ. ಅದಕ್ಕೆ ಇದನ್ನು ತಂದೆ.”

ಜಲಜಾಕ್ಷಿ ಫೋಟೋ ನೋಡಿದಳು. ದುಂಡು ಮುಖ, ಸ್ವಲ್ಪ ತೆರೆದ ಬಾಯಿ, ರೆಪ್ಪೆ ಬಡಿಯದೆ ನೇರವಾಗಿ ನೋಡುವ ಎರಡು ದೊಡ್ಡ ಕಣ್ಣು. ಹೆಸರು ಮಾಡದ ಕೆಲಸವನ್ನು ಆ ಕಣ್ಣು ಮಾಡಿತು.

ಎಂಟು ವರ್ಷದ ಹಿಂದಿನ ಜುಲೈ. ಎಂಟನೆಯ ಕ್ಲಾಸು. ಮೂರನೆಯ ಬೆಂಚಿನಲ್ಲಿ ಸ್ವಂತ ಮಗಳು ಚೈತಾಲಿ, ಕೊನೆಯ ಬೆಂಚಿನಲ್ಲಿ ಒಂದು ವರ್ಷ ಫೇಲಾಗಿ ಕುಳಿತ ಈ ಹುಡುಗ. ಎಬ್ಬಿಸಿ ನಿಲ್ಲಿಸಿ, ಉಪಮೆ ಎಂದರೇನೆಂದು ಕೇಳಿದ್ದಳು. ಅವನು ನೋಡುತ್ತಾ ನಿಂತ. ಇನ್ನೊಮ್ಮೆ ಕೇಳಿದಳು. ನೋಡುತ್ತಲೇ ನಿಂತ. ಬಾಯಲ್ಲಿ ಏನೋ ಗೊಣಗಿದ. “ಕೇಳಲಿಲ್ಲ. ಜೋರಾಗಿ ಹೇಳು.” ಅವನು ಬಾಯಿ ಮುಚ್ಚಿದ.

“ಮಕ್ಕಳೇ, ಎಲ್ಲರೂ ಹಿಂದೆ ತಿರುಗಿ. ಹಿತೇಶನ ಕಣ್ಣು ನೋಡಿ. ಮಾರ್ಕೆಟಿನಲ್ಲಿ ಐಸಿನ ಮೇಲೆ ಇಟ್ಟ ಬಂಗುಡೆಯ ಕಣ್ಣಿನಂತೆ ಇದೆಯೋ ಇಲ್ಲವೋ?”

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನ ಧರ್ಮ ನಾಲ್ಕನ್ನೂ ಮಕ್ಕಳೇ ಕೂಗಿ ಹೇಳಿದರು. ಹುಡುಗ ನಿಂತೇ ಇದ್ದ, ಪಾಠ ಮುಗಿದಿರಲಿಲ್ಲವಲ್ಲ. ಅವಳಿಗೆ ಹುಮ್ಮಸ್ಸು ಬಂತು. “ಉಪಮೆಯಲ್ಲಿ ಹಿತೇಶ ಬೇರೆ, ಬಂಗುಡೆ ಬೇರೆ, ನಡುವೆ ಒಂದು ‘ಅಂತೆ’ ಇದೆ. ಆ ‘ಅಂತೆ’ಯನ್ನು ತೆಗೆದುಬಿಡಿ. ಎರಡೂ ಒಂದೇ ಎಂದು ಹೇಳಿ. ಏನಾಯಿತು?”

“ಹಿತೇಶನೇ ಬಂಗುಡೆ,” ಇಡೀ ಕ್ಲಾಸು ಒಂದೇ ಸ್ವರದಲ್ಲಿ ಹೇಳಿತು.

“ಭೇಷ್. ಇದೇ ರೂಪಕ.”

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬೆಕ್ಕು ಬೋರ್ಡು ಒರೆಸಿ ಸ್ಟಾಫ್ ರೂಮಿಗೆ ಹೋಗಿ ಚಹಾ ಕುಡಿಯಿತು.

ಆ ಸಂಜೆ ಮನೆಗೆ ಬಂದ ಮೇಲೆ ಚೈತಾಲಿ, “ಅಮ್ಮ, ನಾಳೆ ಹಿತೇಶನ ಹತ್ತಿರ ಸಾರಿ ಹೇಳ್ತೀರಾ?” ಎಂದು ಕೇಳಿದಳು.

“ಎಂತಕ್ಕೆ?”

“ಅವನನ್ನು ಎಲ್ಲ ಬಂಗುಡೆ ಬಂಗುಡೆ ಅಂತ ಕರೀತಿದ್ದಾರೆ.”

“ಅದು ಅಲಂಕಾರ ಮಗಾ, ಬೈಗುಳ ಅಲ್ಲ. ಎರಡು ದಿನದಲ್ಲಿ ಮರೀತಾರೆ.”

ಅಕ್ಟೋಬರಿನಲ್ಲಿ ಚೈತಾಲಿ ಸತ್ತಳು. ಆಮೇಲೆ ಜಲಜಾಕ್ಷಿಗೆ ಆ ವರ್ಷದ ಯಾವುದೂ ನೆನಪಿನಲ್ಲಿ ಉಳಿಯಲಿಲ್ಲ, ಅಥವಾ ಉಳಿಯಲು ಅವಳು ಬಿಡಲಿಲ್ಲ.

ದೇಯಿ ಫೋಟೋಗೆ ಕೈ ಚಾಚಿದ್ದಳು. ಜಲಜಾಕ್ಷಿ ಅದನ್ನು ತಿರುಗಿ ಕೊಟ್ಟಳು. “ಆಗಬಹುದು” ಎಂದು ಅಣ್ಣು ಹೇಳಿದ್ದು, ಮಾಯಿಲಪ್ಪ ದಿನ ಇಟ್ಟದ್ದು, ದೇಯಿ ಚಹಾ ಕುಡಿದು ಹೋದದ್ದು ಯಾವುದೂ ಅವಳ ಕಿವಿಗೆ ಸರಿಯಾಗಿ ಬೀಳಲಿಲ್ಲ. ಬಂಗುಡೆ ಬೇಡ ಎಂದ ಮಾತಿಗೆ ತಾನೂ ನಕ್ಕಿದ್ದೆನಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮೂರು ದಿನ ಅವಳು ಅನ್ನ ಕಲಸಿ ಬಿಟ್ಟಳು. ಹೇಳದೆ ಬಿಡಬಹುದು. ಆ ಹೆಂಗಸಿಗೆ ಗೊತ್ತಿಲ್ಲದಿದ್ದರೆ ಯಾವತ್ತೂ ಗೊತ್ತಾಗುವುದಿಲ್ಲ. ಹೇಳಿದರೆ ಸಂಬಂಧ ಮುರಿಯುತ್ತದೆ, ಶೋಭಿತನ ದಾರಿ ಮುಚ್ಚುತ್ತದೆ. ಆದರೆ ಹೇಳದೆ ಮದುವೆ ಮಾಡಿದರೆ ಮಗಳನ್ನು ಯಾರ ಮನೆಗೆ ಕಳಿಸಿದಂತಾಯಿತು? ಅಮ್ಮ ಹೆಸರು ಕೆಡಿಸಿದ ಹುಡುಗನ ಮನೆಗೆ, ಅಮ್ಮನ ಸುಳ್ಳನ್ನು ಹೊತ್ತುಕೊಂಡು. ಬೇರೆ ಯಾರಿಗೆ ತಿಳಿಯದಿದ್ದರೂ ಚೈತಾಲಿಗೆ ತಿಳಿದಿತ್ತು. ಸತ್ತವರು ಬೆಳೆಯುತ್ತಾರೆ ಎಂಬ ಮಾತನ್ನು ನಂಬದ ಜಲಜಾಕ್ಷಿ ಮೊದಲ ಸಲ ಇಪ್ಪತ್ತೊಂದು ವರ್ಷದ ಮಗಳಿಗೆ ಹೆದರಿದಳು.

ನಾಲ್ಕನೆಯ ದಿನ ಶಾಲೆ ಬಿಟ್ಟ ಮೇಲೆ ಕೊಡೆ ಹಿಡಿದು ದೇಯಿಯ ಮನೆ ಹುಡುಕಿಕೊಂಡು ಹೋದಳು. ಶಾಲೆಯಿಂದ ಹತ್ತು ನಿಮಿಷದ ದಾರಿ. ಎಂಟು ವರ್ಷದಲ್ಲಿ ಒಮ್ಮೆಯೂ ಆ ಕಡೆ ನಡೆದಿರಲಿಲ್ಲ. ಹಂಚಿನ ಸಣ್ಣ ಮನೆ. ದೇಯಿ ಜಗುಲಿಯಲ್ಲಿ ಬೀಡಿಯ ಮೊರ ಮಡಿಲಲ್ಲಿಟ್ಟು ಎಲೆ ಕತ್ತರಿಸುತ್ತಿದ್ದಳು.

“ಕೂತುಕೊಳ್ಳಿ ಟೀಚರೇ. ಚಾ ಮಾಡ್ತೇನೆ.”

“ಚಾ ಬೇಡ. ಒಂದು ಮಾತು ಹೇಳ್ಲಿಕ್ಕೆ ಉಂಟು.” ಜಲಜಾಕ್ಷಿ ಕೂರಲಿಲ್ಲ. “ಶಾಲೆಯಲ್ಲಿ ಹಿತೇಶನಿಗೆ ಒಂದು ಹೆಸರು ಇಟ್ಟಿದ್ರು.”

“ಬಂಗುಡೆ” ಎಂದಳು ದೇಯಿ. ಕತ್ತರಿ ನಿಲ್ಲಲಿಲ್ಲ.

“ಅದು ಮಕ್ಕಳು ಇಟ್ಟದ್ದಲ್ಲ.”

ದೇಯಿ ಮೊರವನ್ನು ಬದಿಗಿಟ್ಟು ಒಳಗೆ ಹೋದಳು. ರೇಷನ್ ಕಾರ್ಡು ಇಡುವ ಪ್ಲಾಸ್ಟಿಕ್ ಕವರು ತಂದು, ಅದರೊಳಗಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದಳು. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ, ಕನ್ನಡ. ಐವತ್ತಕ್ಕೆ ಒಂಬತ್ತು. ಎಲ್ಲ ಕಡೆ ಕೆಂಪು ಗೀಟು. ರೂಪಕಾಲಂಕಾರಕ್ಕೆ ಒಂದು ಉದಾಹರಣೆ ಕೊಡಿ ಎಂಬಲ್ಲಿ ಸೊಟ್ಟ ಅಕ್ಷರದಲ್ಲಿ ಬರೆದಿತ್ತು: ಹಿತೇಶನೇ ಬಂಗುಡೆ. ಅದರ ಮುಂದೆ ಜಲಜಾಕ್ಷಿಯ ಕೈಯ ದೊಡ್ಡ ಕೆಂಪು ಸರಿ ಗುರುತು, ಎರಡಕ್ಕೆ ಎರಡು, ‘ಉತ್ತಮ’.

“ಇದನ್ನು ಹಿಡಿದುಕೊಂಡು ಬಂದು ನನಗೆ ತೋರಿಸಿದ,” ದೇಯಿ ಹೇಳಿದಳು. “ಅಮ್ಮ, ಇದೊಂದು ನನ್ನದು ಸರಿ ಉಂಟು ಅಂದ. ನಗ್ತಾ ಅಂದ. ಆಮೇಲೆ ಊಟಕ್ಕೆ ಕೂತ. ಬಂಗುಡೆ ಸಾರು ಮಾಡಿದ್ದೆ. ಬಟ್ಟಲು ದೂಡಿದ. ಮತ್ತೆ ಮುಟ್ಟಲಿಲ್ಲ.”

ಜಲಜಾಕ್ಷಿ ಹಾಳೆ ಹಿಡಿದುಕೊಂಡೇ ಜಗುಲಿಯ ಅಂಚಿನಲ್ಲಿ ಕುಳಿತಳು.

“ಕಣ್ಣು ಎತ್ತಿ ನೋಡುವುದನ್ನೇ ಬಿಟ್ಟ ಟೀಚರೇ. ನೆಲ ನೋಡಿಕೊಂಡೇ ನಡೀತಿದ್ದ. ಒಂಬತ್ತಕ್ಕೆ ಶಾಲೆ ಬಿಟ್ಟು ದಕ್ಕೆಗೆ ಹೋದ. ಶಾಲೆಯ ಮಕ್ಕಳು ಅಲ್ಲಿಯೂ ಇದ್ರಲ್ಲ, ಹೆಸರೂ ಒಟ್ಟಿಗೇ ಬಂತು. ಬೆಳಿಗ್ಗೆ ಬೋಟಿಗೆ ಐಸು ತುಂಬಿಸುವಾಗ ಬೋಟು ವಾಲಿತಂತೆ, ಇವ ತಲೆ ಎತ್ತಲಿಲ್ಲ. ಬೋಟಿಗೂ ದಕ್ಕೆಗೂ ನಡುವೆ ಬಿದ್ದ. ಬೆಂಗ್ರೆಯ ದಡದಲ್ಲಿ ಸಿಕ್ಕಿದ್ದು. ಪೊಲೀಸರು ಹೆಸರು ಕೇಳಿದ್ರೆ ಯಾರಿಗೂ ಸರಿಯಾದ ಹೆಸರೇ ಗೊತ್ತಿಲ್ಲ. ಬಂಗುಡೆ ಅಂತ ಬರೆಸಿದ್ರು. ಯಾರ ಮಗ, ಎಲ್ಲಿಯವ, ಎಂತದೂ ಗೊತ್ತಿಲ್ಲ. ನನಗೆ ಸುದ್ದಿ ಮುಟ್ಟಿದ್ದು ಮರುದಿನ.”

ದೇಯಿ ಬೀಡಿಯ ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು.

“ಶವದ ಕೋಣೆಯಲ್ಲಿ ಫ್ರೀಜರ್ ಕೆಟ್ಟಿತ್ತಂತೆ. ಐಸಿನ ಮೇಲೆ ಮಲಗಿಸಿದ್ರು. ಕಣ್ಣು ಮುಚ್ಚಿರಲಿಲ್ಲ. ಟೀಚರು ಹೇಳಿದ್ದು ಸುಳ್ಳಲ್ಲ ಅಂತ ನನಗೆ ಆಗ ಕಂಡಿತು.”

ಜಲಜಾಕ್ಷಿ ಹಾಳೆಯಿಂದ ಕಣ್ಣು ತೆಗೆಯದೆ ಕೇಳಿದಳು, “ಎಲ್ಲ ಗೊತ್ತಿದ್ದೂ ನಮ್ಮ ಮನೆಗೆ ಯಾಕೆ ಬಂದ್ರಿ?”

“ನಿಮಗೋಸ್ಕರ ಬಂದದ್ದಲ್ಲ. ಹುಡುಗಿಗೋಸ್ಕರ. ನೀವು ಆ ಹೆಸರು ಇಟ್ಟ ಮರುದಿನದಿಂದ ಅವಳು ದಿನಾ ಕೊನೆಯ ಬೆಂಚಿಗೆ ಬರ್ತಿದ್ದಳಂತೆ. ಎಲ್ಲರಿಗೂ ಕೇಳುವ ಹಾಗೆ, ಹಿತೇಶ್, ನಿನ್ನ ಸ್ಕೇಲು ಕೊಡು ಅಂತ ಕೇಳ್ತಿದ್ದಳಂತೆ. ಅವಳ ಹತ್ತಿರ ಸ್ಕೇಲು ಇತ್ತು, ಸುಮ್ಮನೆ ಹೆಸರು ಹೇಳ್ಲಿಕ್ಕೆ ಬರುವುದು ಅಂತ ಇವನಿಗೆ ಗೊತ್ತಿತ್ತು. ಕೊನೆಗೆ ಕೊಂಡುಹೋದ ಸ್ಕೇಲು ಕೊಡ್ಲಿಕ್ಕೆ ಅವಳು ಬರಲಿಲ್ಲ. ಜ್ವರ ಬಂತಲ್ಲ.”

ಚೈತಾಲಿಯ ಶಾಲೆಯ ಚೀಲದಲ್ಲಿ ಎರಡು ಸ್ಟೀಲಿನ ಸ್ಕೇಲು ಇದ್ದವು. ಎಂಟು ವರ್ಷದಿಂದ ಜಲಜಾಕ್ಷಿ ಆ ಚೀಲವನ್ನು ತೆಗೆದು ಒರೆಸಿ ಇಡುತ್ತಿದ್ದಳು. ಎರಡು ಯಾಕೆ ಎಂದು ಯೋಚಿಸಿರಲಿಲ್ಲ.

“ನನ್ನನ್ನು ಕ್ಷಮಿಸಿ” ಎಂದಳು.

“ಅದು ನನ್ನ ಹತ್ತಿರ ಇಲ್ಲ ಟೀಚರೇ. ಇದ್ದಿದ್ರೆ ಕೊಡ್ತಿದ್ದೆ.” ದೇಯಿ ಹಾಳೆಯನ್ನು ಮಡಿಸಿ ಕವರಿಗೆ ಹಾಕಿದಳು. “ಮದುವೆಗೆ ಕೂರಿಸುವಾಗ ಅಳಿಯನನ್ನು ಹೆಣ್ಣಿನ ತಾಯಿ ಹೆಸರು ಹಿಡಿದು ಮೂರು ಸಲ ಕರೀಬೇಕು. ಮಾಯಿಲಪ್ಪಣ್ಣನ ಕ್ರಮ ಹಾಗೆ. ಮತ್ತೆ ವರ್ಷ ವರ್ಷ ಆಟಿಗೆ ಕರೀಬೇಕು. ನನಗೆ ಅಷ್ಟು ಸಾಕು. ಆಗುವುದಿಲ್ಲ ಅಂತ ಆದ್ರೆ ಈಗಲೇ ಹೇಳಿ.”

ಜಲಜಾಕ್ಷಿ ಆಗುತ್ತದೆ ಎಂದು ತಲೆ ಆಡಿಸಿದಳು.

ಮದುವೆ ಆಟಿಯ ಒಂದು ಮಂಗಳವಾರ ಮಧ್ಯಾಹ್ನ, ಉರ್ವದ ಮನೆಯಲ್ಲಿ. ಮದುವೆಯಾಗದವರು ನೋಡಬಾರದೆಂದು ಶೋಭಿತನನ್ನು ಅಂಗಡಿಗೆ ಕಳಿಸಿದ್ದರು. ಅಡುಗೆ ಮಾತ್ರ ಅವನೇ ಬೆಳಿಗ್ಗೆ ಎದ್ದು ಮಾಡಿ ಹೋಗಿದ್ದ. ಚಾವಡಿಯಲ್ಲಿ ಎರಡು ಮಣೆ. ಒಂದರ ಮೇಲೆ ಹಸಿರು ಸೀರೆ, ಬಳೆ, ಮಲ್ಲಿಗೆ. ಜಲಜಾಕ್ಷಿ ಆ ಸೀರೆಗೆ ನೆರಿಗೆ ಹಿಡಿದು ಪಿನ್ ಹಾಕಿದ್ದಳು. ಉಡಲು ಬಾರದವಳಿಗೆ ಸುಲಭವಾಗಲಿ ಎಂದು ಮಾಡಿದ್ದು, ಯಾರಿಗೂ ಹೇಳಲಿಲ್ಲ. ಇನ್ನೊಂದು ಮಣೆಯ ಮೇಲೆ ಬಿಳಿ ಪಂಚೆ, ಷರ್ಟು. ಷರ್ಟಿನ ಕಿಸೆಯ ಹತ್ತಿರ ಅವಳು ಒಂದು ಸ್ಕೇಲನ್ನು ತಂದಿಟ್ಟಳು. ದೇಯಿ ಅದನ್ನು ನೋಡಿದಳು.

ಮಾಯಿಲಪ್ಪ ದೀಪದ ಬತ್ತಿ ಸರಿಮಾಡಿ, “ಜಲಜಾಕ್ಷಿ, ಅಳಿಯನನ್ನು ಕರಿ” ಎಂದ.

ಎಂಬತ್ತು ಮಕ್ಕಳ ಕ್ಲಾಸಿಗೆ ಮೈಕಿಲ್ಲದೆ ಪಾಠ ಮಾಡಿದ ಗಂಟಲು ಅದು. ಅವಳು ಬಾಯಿ ತೆರೆದಳು. ನಾಲಿಗೆಯ ತುದಿಗೆ ಮೊದಲು ಬಂದದ್ದು ಇನ್ನೊಂದು ಹೆಸರು. ಅದನ್ನು ನುಂಗಿದಳು. ಆಮೇಲೆ “ಹಿತೇಶ್” ಎಂದದ್ದು ಅವಳಿಗೇ ಕೇಳಲಿಲ್ಲ.

ಮಳೆ ಹಂಚಿನ ಮೇಲೆ ಬೀಳುತ್ತಿತ್ತು. ದೇಯಿ ಬಾಗಿಲ ಹತ್ತಿರ ನಿಂತಿದ್ದಳು.

“ಕೇಳಲಿಲ್ಲ ಟೀಚರೇ. ಜೋರಾಗಿ ಹೇಳಿ.”

ಹಗೆಯಿಂದ ಹೇಳಿದ ಮಾತಲ್ಲ. ಅವಳಿಗೆ ನಿಜಕ್ಕೂ ಕೇಳಿರಲಿಲ್ಲ. ಆದರೂ ಜಲಜಾಕ್ಷಿಗೆ ಕೊನೆಯ ಬೆಂಚಿನಲ್ಲಿ ನಿಂತ ಹುಡುಗನಿಗೆ ಹೇಗಾಗಿತ್ತೆಂದು ಆಗ ತಿಳಿಯಿತು. ಎಲ್ಲರೂ ತಿರುಗಿ ನೋಡುತ್ತಿದ್ದಾರೆ, ಉತ್ತರ ಗೊತ್ತಿದೆ, ಬಾಯಿಗೆ ಬರುವುದಿಲ್ಲ. ಅವಳು ಅಳಲಿಲ್ಲ. ಅಳುವುದಕ್ಕೆ ತನಗೆ ಹಕ್ಕಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ಹಿತೇಶ್, ಬಾ ಮಗಾ,” ಎರಡನೆಯ ಸಲ ಕರೆದಳು.

ಮೂರನೆಯ ಸಲ ಕರೆದದ್ದು ಗೇಟಿನ ಹೊರಗೆ ಹೋಗುವವರಿಗೂ ಕೇಳಿತು. “ಹಿತೇಶ್.”

ಮಣೆಯ ಮೇಲೆ ಪಂಚೆ, ಷರ್ಟು, ಸ್ಕೇಲು ಇದ್ದ ಹಾಗೆಯೇ ಇದ್ದವು. ಯಾರೂ ಬಂದದ್ದು ಜಲಜಾಕ್ಷಿಗೆ ಕಾಣಲಿಲ್ಲ. ದೇಯಿ ಮಾತ್ರ ಬಾಗಿಲಿನಿಂದ ಒಂದು ಹೆಜ್ಜೆ ಬದಿಗೆ ಸರಿದು ದಾರಿ ಬಿಟ್ಟಳು.

ಕರಿಮಣಿ ಕಟ್ಟಿದರು, ಎಲೆ ಹಾಕಿ ಬಡಿಸಿದರು, ಬಂಗುಡೆ ಇರಲಿಲ್ಲ. ನಾಲ್ಕು ಗಂಟೆಗೆ ದೇಯಿ ಸೀರೆಯನ್ನೂ ಪಂಚೆಯನ್ನೂ ಒಟ್ಟಿಗೆ ಮಡಿಸಿ, ಸ್ಕೇಲನ್ನು ನಡುವೆ ಇಟ್ಟು ಗಂಟು ಕಟ್ಟಿದಳು. ಅಣ್ಣು ಆಟೋ ತರಿಸಿದ್ದ. ಗೇಟಿನ ಹತ್ತಿರ ಅವಳು ಕೊಡೆಯನ್ನು ಗಂಟಿನ ಮೇಲೆ ಹಿಡಿದಳು, ತಾನು ನೆನೆದಳು.

“ಮುಂದಿನ ಆಟಿಗೆ ಕರೀರಿ,” ಎಂದಳು. “ಅವನನ್ನು ಹೆಸರು ಹಿಡಿದು ಕರೆದ್ರೆ ಇಬ್ಬರೂ ಬರ್ತಾರೆ. ಅವನನ್ನು ಬಿಟ್ಟು ಅವಳು ಬರುವುದಿಲ್ಲ.”

ಅದು ಜಲಜಾಕ್ಷಿಗೆ ಗೊತ್ತಿತ್ತು. ಆಟೋ ಮಾರ್ಕೆಟಿನ ತಿರುವು ದಾಟುವವರೆಗೆ ಗೇಟು ಹಿಡಿದು ನಿಂತಿದ್ದು, ಒಳಗೆ ಬಂದು ಎಲೆಗಳನ್ನು ತೆಗೆದಳು.